ಸಸಿ ಮಡಿಯ ಕೆಲಸ: ಮಾರ್ಗದರ್ಶಿ ನಾಯಿಯ ಮರಿಯನ್ನು ಸಾಕಿ ಒಪ್ಪಿಸುವವರು

ದಾವಣಗೆರೆಯ ವಿದ್ಯಾನಗರದಲ್ಲಿರುವ ನನ್ನ ಅಕ್ಕ ಮಗಳ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಮೊದಲ ಸಲ ಹೋದಾಗ, ಆ ಮನೆಗೆ ಎಂಟು ವಾರದ ಲ್ಯಾಬ್ರಡಾರ್ ಮರಿಯೊಂದು ಆಗ ತಾನೇ ಬಂದಿತ್ತು. ಮರಿ ಮನೆಯವರದಲ್ಲ, ಒಂದು ಸಂಸ್ಥೆಯದು. ವರ್ಷದ ಮೇಲೆ ಅದನ್ನು ಸಂಸ್ಥೆಗೆ ಒಪ್ಪಿಸಬೇಕು, ಮುಂದೆ ಅದು ಕಣ್ಣು ಕಾಣದವರೊಬ್ಬರಿಗೆ ದಾರಿ ತೋರಿಸುವ ನಾಯಿಯಾಗುತ್ತದೆ ಎಂದು ಮಗಳು ವಿವರಿಸಿದಳಂತೆ. ಅಂದು ರಾತ್ರಿಯೇ ಅಕ್ಕ ಫೋನು ಮಾಡಿ, "ಇಟ್ಕೊಳ್ಳೋದಿಲ್ಲ ಅಂದ್ಮೇಲೆ ಇಷ್ಟು ಮುದ್ದು ಮಾಡಿ ಯಾಕೆ ಸಾಕ್ಬೇಕೋ? ಆ ಸಂಸ್ಥೆಯೋರೇ ಸಾಕ್ಕೋಬಾರದಾ?" ಎಂದು ಕೇಳಿದಳು. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ನಮ್ಮ ಕಡೆಯವರಿಗೆ ಉತ್ತರದ ಅರ್ಧ ಭಾಗ ಮೊದಲೇ ಗೊತ್ತಿದೆ. ಗದ್ದೆಯ ಒಂದು ಮೂಲೆಯಲ್ಲಿ ಸಸಿ ಮಡಿ ಮಾಡಿ, ಬೀಜ ಚೆಲ್ಲಿ, ಮೂರು-ನಾಲ್ಕು ವಾರ ಜೋಪಾನ ಮಾಡಿದ ಸಸಿಯನ್ನು ಕಿತ್ತು ಬೇರೆ ಗದ್ದೆಯಲ್ಲಿ ನಾಟಿ ಮಾಡುತ್ತೇವೆ. ಮಡಿಯಲ್ಲೇ ತೆನೆ ಬರಲಿ ಎಂದು ಯಾರೂ ಕಾಯುವುದಿಲ್ಲ. ಆದರೆ ಮಡಿಯಲ್ಲಿ ಸೊರಗಿದ ಸಸಿ ಎಂಥ ಫಲವತ್ತಾದ ಗದ್ದೆಗೆ ಹೋದರೂ ಚೇತರಿಸಿಕೊಳ್ಳುವುದು ಕಷ್ಟ. ಮಾರ್ಗದರ್ಶಿ ನಾಯಿಯ ಮರಿಯನ್ನು ಸಾಕುವ ಸ್ವಯಂಸೇವಕರದ್ದು ಈ ಸಸಿ ಮಡಿಯ ಕೆಲಸ. ದಾರಿ ತೋರಿಸುವುದನ್ನು ಅವರು ಕಲಿಸುವುದಿಲ್ಲ, ಅದಕ್ಕೆ ಬೇರೆಯೇ ತರಬೇತುದಾರರಿದ್ದಾರೆ. ಲೋಕದ ಗದ್ದಲಕ್ಕೆ ಹೆದರದ, ಮನುಷ್ಯರನ್ನು ನಂಬುವ, ನಾಲ್ಕು ಗೋಡೆಗಳ ನಡುವೆ ಮರ್ಯಾದೆಯಿಂದ ಬದುಕಲು ಗೊತ್ತಿರುವ ಒಂದು ನಾಯಿಯನ್ನು ಆ ತರಬೇತುದಾರರ ಕೈಗೆ ಕೊಡುವುದಷ್ಟೇ ಅವರ ಹೊಣೆ. ಇದರಲ್ಲಿ 'ಅಷ್ಟೇ' ಎನ್ನುವಷ್ಟು ಸಣ್ಣದು ಯಾವುದೂ ಇಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಈ ನಾಯಿಗಳ ಆಧುನಿಕ ಚರಿತ್ರೆ ಆರಂಭವಾಗುವುದು ಮೊದಲನೆಯ ಮಹಾಯುದ್ಧದ ಜರ್ಮನಿಯಲ್ಲಿ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು 1916ರಲ್ಲಿ ಓಲ್ಡನ್‌ಬರ್ಗ್‌ನಲ್ಲಿ ಮೊದಲ ಶಾಲೆಯನ್ನು ತೆರೆದರು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿ ನಾಯಿಗಳನ್ನು ತರಬೇತುಗೊಳಿಸುತ್ತಿದ್ದ ಅಮೆರಿಕದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಮಹಿಳೆ ಜರ್ಮನಿಯ ಪಾಟ್ಸ್‌ಡ್ಯಾಮ್ ಶಾಲೆಯನ್ನು ಕಂಡು 1927ರಲ್ಲಿ ಒಂದು ಪತ್ರಿಕಾ ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ ಅವರಿಗೆ ಕಾಗದ ಬರೆದು, ಸ್ವಿಟ್ಜರ್ಲೆಂಡಿಗೆ ಹೋಗಿ, 1928ರಲ್ಲಿ ಬಡ್ಡಿ ಎಂಬ ಜರ್ಮನ್ ಶೆಪರ್ಡ್ ನಾಯಿಯೊಂದಿಗೆ ಅಮೆರಿಕಕ್ಕೆ ಮರಳಿದ. ಮರುವರ್ಷ, 1929ರಲ್ಲಿ, ಇವರಿಬ್ಬರ ಪ್ರಯತ್ನದಿಂದ 'ದಿ ಸೀಯಿಂಗ್ ಐ' ಸಂಸ್ಥೆ ಹುಟ್ಟಿತು. ಬ್ರಿಟನ್ನಿನಲ್ಲಿ 1931ರಲ್ಲಿ ವಾಲಸಿ ಎಂಬ ಊರಿನಲ್ಲಿ ಮೊದಲ ನಾಲ್ಕು ನಾಯಿಗಳು ತರಬೇತಿ ಮುಗಿಸಿದವು.

ಆ ಕಾಲದಲ್ಲಿ ಬೆಳೆದ ನಾಯಿಗಳನ್ನೇ ಹುಡುಕಿ ತಂದು, ಅವುಗಳಲ್ಲಿ ಯೋಗ್ಯವಾದವನ್ನು ಆರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಒಂದೊಂದು ನಾಯಿಯ ಹಿಂದಿನ ಬದುಕು ಹೇಗಿತ್ತು, ಯಾವುದಕ್ಕೆ ಬೆದರುತ್ತದೆ ಎಂಬುದು ಯಾರಿಗೂ ತಿಳಿಯದ ಕಾರಣ ಅನೇಕ ನಾಯಿಗಳು ನಡುವೆಯೇ ಕೈಕೊಡುತ್ತಿದ್ದವು. ಹೀಗಾಗಿ ಸಂಸ್ಥೆಗಳು ತಮ್ಮದೇ ತಳಿ ಬೆಳೆಸಿ, ಮರಿಗಳನ್ನು ಜನರ ಮನೆಗಳಲ್ಲಿ ಬೆಳೆಯಲು ಬಿಡುವ ದಾರಿಗೆ ಬಂದವು. ಅಮೆರಿಕದಲ್ಲಿ ಸೀಯಿಂಗ್ ಐ ಸಂಸ್ಥೆ 1942ರಲ್ಲಿ ಫೋರ್-ಎಚ್ ಎಂಬ ಮಕ್ಕಳ ಸಂಘಗಳ ಮೂಲಕ ಈ ಪದ್ಧತಿಯನ್ನು ಆರಂಭಿಸಿತು. ಬ್ರಿಟನ್ನಿನಲ್ಲಿ ಇದು 1956ರಲ್ಲಿ ಮೊದಲಾಯಿತು.

ಸಂಸ್ಥೆಯವರೇ ಯಾಕೆ ಸಾಕಿಕೊಳ್ಳಬಾರದು ಎಂಬ ಅಕ್ಕನ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 1950 ಮತ್ತು 60ರ ದಶಕದ ಸಂಶೋಧನೆಗಳಿಂದ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಅವರ ಸಂಗಡಿಗರು ನಾಯಿಮರಿಗಳ ಬೆಳವಣಿಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಎತ್ತರದ ಬೇಲಿಯೊಳಗೆ, ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ, ಮನುಷ್ಯರ ಒಡನಾಟವಿಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ದೂರ ಓಡಿದವು. ಆಮೇಲೆ ಎಷ್ಟು ಒಲಿಸಿದರೂ ಸರಿಯಾಗಿ ಹತ್ತಿರ ಬರಲಿಲ್ಲ. ಸುಮಾರು ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸಿನಲ್ಲಿ ಒಂದು ಬಾಗಿಲು ತೆರೆದಿರುತ್ತದೆ ಎನ್ನಬಹುದು. ಆ ಅವಧಿಯಲ್ಲಿ ಹಿತವಾಗಿ ಕಂಡದ್ದು, ಕೇಳಿದ್ದು, ಮೂಸಿದ್ದು ಬದುಕಿನುದ್ದಕ್ಕೂ 'ನಮ್ಮದು' ಆಗಿ ಉಳಿಯುತ್ತದೆ; ಕಾಣದೆ ಹೋದದ್ದು ಶಂಕೆಯ ವಸ್ತುವಾಗುತ್ತದೆ. ಇದೇ ಸ್ಕಾಟ್ ಅವರೊಡನೆ ಕೆಲಸ ಮಾಡಿದ ಕ್ಲಾರೆನ್ಸ್ ಫಾಫೆನ್‌ಬರ್ಗರ್, ಕ್ಯಾಲಿಫೋರ್ನಿಯಾದ ಸ್ಯಾನ್ ರಫೆಲ್‌ನಲ್ಲಿರುವ ಮಾರ್ಗದರ್ಶಿ ನಾಯಿ ಶಾಲೆಯ ಮರಿಗಳನ್ನು ಗಮನಿಸಿ ಇನ್ನೂ ಸ್ಪಷ್ಟವಾದ ಸಂಗತಿಯನ್ನು ಕಂಡುಕೊಂಡರು: ಹನ್ನೆರಡನೆಯ ವಾರದ ಪರೀಕ್ಷೆಗಳು ಮುಗಿದ ಕೂಡಲೇ ಮನೆಗಳಿಗೆ ಹೋದ ಮರಿಗಳಲ್ಲಿ ಬಹುಪಾಲು ಮುಂದೆ ಮಾರ್ಗದರ್ಶಿ ನಾಯಿಗಳಾದವು, ಅದೇ ಪರೀಕ್ಷೆಗಳಲ್ಲಿ ಅಷ್ಟೇ ಚೆನ್ನಾಗಿ ತೇರ್ಗಡೆಯಾಗಿಯೂ ಇನ್ನು ಮೂರು ವಾರಕ್ಕಿಂತ ಹೆಚ್ಚು ಕಾಲ ಶಾಲೆಯ ನಾಯಿಗೂಡಿನಲ್ಲೇ ಉಳಿದ ಮರಿಗಳಲ್ಲಿ ಹೆಚ್ಚಿನವು ಸೋತವು. ತಳಿ ಅದೇ, ಆಹಾರ ಅದೇ, ಆರೈಕೆಯೂ ಅದೇ; ಇಲ್ಲದಿದ್ದದ್ದು ಮನೆಯೊಂದೇ. ಎಷ್ಟೇ ಸ್ವಚ್ಛವಾದ, ಹಣವಂತ ಸಂಸ್ಥೆಯೂ ತನ್ನ ನೂರಾರು ಮರಿಗಳಿಗೆ ಒಂದೊಂದು ಅಡುಗೆಮನೆ, ಒಂದೊಂದು ಅಜ್ಜಿ, ಒಂದೊಂದು ಬೀದಿ ಒದಗಿಸಲಾರದು. ಅದಕ್ಕಾಗಿಯೇ ಅದು ಜನರ ಮನೆಬಾಗಿಲಿಗೆ ಬರುತ್ತದೆ.

ಮರಿ ಮನೆಗೆ ಬರುವಾಗ ಅದಕ್ಕೆ ಏಳು-ಎಂಟು ವಾರ. ಹೆಸರನ್ನು ಸಾಮಾನ್ಯವಾಗಿ ಸಂಸ್ಥೆಯೇ ಇಟ್ಟಿರುತ್ತದೆ. ಒಂದೇ ಸೂಲಿನ ಮರಿಗಳ ಹೆಸರುಗಳೆಲ್ಲ ಒಂದೇ ಅಕ್ಷರದಿಂದ ಆರಂಭವಾಗುವುದು ಹಲವು ಸಂಸ್ಥೆಗಳಲ್ಲಿ ರೂಢಿ. ವೈದ್ಯಕೀಯ ವೆಚ್ಚವನ್ನು ಬಹಳಷ್ಟು ಸಂಸ್ಥೆಗಳು ತಾವೇ ಭರಿಸುತ್ತವೆ, ಆಹಾರದ ಖರ್ಚು ಕೆಲವೆಡೆ ಸಂಸ್ಥೆಯದು, ಕೆಲವೆಡೆ ಸಾಕುವವರದು. ಸಂಸ್ಥೆಯ ಮೇಲ್ವಿಚಾರಕರು ಆಗಾಗ ಬಂದು ಮರಿಯ ನಡೆಯನ್ನು ನೋಡಿ, ಸಾಕುವವರಿಗೆ ಸಲಹೆ ಕೊಟ್ಟು ಹೋಗುತ್ತಾರೆ. ಸಾಕುವವರಿಗೆ ನಾಯಿ ಸಾಕಿದ ಅನುಭವ ಇರಲೇಬೇಕೆಂದಿಲ್ಲ, ಮರಿಗೆ ಕೊಡಲು ಸಮಯ ಮಾತ್ರ ಇರಬೇಕು.

ಮೊದಲ ಪಾಠ ಮಲಮೂತ್ರ ವಿಸರ್ಜನೆಯದು. ನಮ್ಮಲ್ಲಿ ನಾಯಿ ಸಾಕಿದವರು ಬೆಳಗ್ಗೆ ಅದನ್ನು ಹೊರಗೆ ಬಿಟ್ಟರೆ ಮುಗಿಯಿತು. ಈ ಮರಿ ಮಾತ್ರ ಚೈನಿನಲ್ಲಿದ್ದು, ಹೇಳಿದ ಜಾಗದಲ್ಲಿ, ಹೇಳಿದಾಗ ಮುಗಿಸುವುದನ್ನು ಕಲಿಯಬೇಕು. ಬ್ರಿಟನ್ನಿನಲ್ಲಿ ಇದಕ್ಕೆ 'ಬಿಜಿ ಬಿಜಿ' ಎಂಬ ಮಾತನ್ನು ಬಳಸುತ್ತಾರೆ. ಇದೊಂದು ಶಿಸ್ತಿನ ಚಪಲವಲ್ಲ. ಮುಂದೆ ಈ ನಾಯಿಯ ಯಜಮಾನರಿಗೆ ಕಣ್ಣು ಕಾಣುವುದಿಲ್ಲ, ನಾಯಿ ಎಲ್ಲಿ ಕುಳಿತಿತೆಂದು ತಿಳಿದರೆ ಮಾತ್ರ ಅವರು ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ತಾವೇ ಎತ್ತಿ ಚೊಕ್ಕಟ ಮಾಡಬಲ್ಲರು. ಉಳಿದ ನಿಯಮಗಳ ಹಿಂದೆಯೂ ಇಂಥದೇ ಒಂದು ಕಾರಣ ಇರುತ್ತದೆ. ಸೋಫಾ ಹತ್ತಬಾರದು, ಏಕೆಂದರೆ ಮುಂದೆ ಅದು ಪರರ ಮನೆಗಳಿಗೂ ಕಚೇರಿಗಳಿಗೂ ಹೋಗಬೇಕು. ಬಂದವರ ಮೈಮೇಲೆ ನೆಗೆಯಬಾರದು, ಏಕೆಂದರೆ ಮೂವತ್ತು ಕೆ.ಜಿ. ತೂಕದ ನಾಯಿ ನೆಗೆದರೆ ಚೈನು ಹಿಡಿದ ಅಂಧರು ಆಯ ತಪ್ಪಿ ಬೀಳುತ್ತಾರೆ. ಚೆಂಡು ಎಸೆದು ಹಿಡಿಯುವ ಆಟವನ್ನು ಹಲವು ಸಂಸ್ಥೆಗಳು ಬೇಡವೆನ್ನುತ್ತವೆ, ಏಕೆಂದರೆ ಉರುಳುವ ಚೆಂಡಿನ ಹಿಂದೆ ಓಡುವ ಚಟ ರಸ್ತೆಯ ಮೇಲೆ ಇಬ್ಬರ ಪ್ರಾಣಕ್ಕೂ ಕುತ್ತು ತರಬಹುದು.

ಆಹಾರದ ವಿಷಯದಲ್ಲಿ ನನ್ನ ಅಕ್ಕನಿಗೆ ಬಹಳ ಕಷ್ಟವಾಯಿತು. ಉಂಡ ತಟ್ಟೆಯಿಂದ ಒಂದು ತುತ್ತನ್ನು ಬಾಗಿಲಿಗೆ ಬಂದ ನಾಯಿಗೆ ಹಾಕಿ ಕೈ ತೊಳೆಯುವ ಮನೆತನದಲ್ಲಿ ಬೆಳೆದವಳು ಅವಳು. ಒಂದು ಸಂಜೆ ಅವಳು ಒಗ್ಗರಣೆ ಮಂಡಕ್ಕಿ ಕಲಸುತ್ತಿದ್ದಾಗ ಪಾತ್ರೆಯಿಂದ ಒಂದು ಹಿಡಿ ಮಂಡಕ್ಕಿ ನೆಲಕ್ಕೆ ಚೆಲ್ಲಿತು. ಮೂರು ತಿಂಗಳ ಮರಿ ಮೂಗನ್ನು ಮುಂದೆ ಚಾಚಿ, ಇನ್ನೇನು ನಾಲಿಗೆ ತಾಗಿಸಬೇಕು ಅನ್ನುವಾಗ ಮಗಳು ಮೆಲ್ಲಗೆ "ಲೀವ್ ಇಟ್" ಎಂದಳು. ಮರಿ ಮಂಡಕ್ಕಿಯನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿತು. ಬಾಯಿಂದ ಜೊಲ್ಲು ಇಳಿದು ನೆಲದ ಮೇಲೆ ಸಣ್ಣ ಚುಕ್ಕೆಯಾಯಿತು. ಆಮೇಲೆ ಹಿಂದೆ ಸರಿದು ಕುಳಿತುಕೊಂಡಿತು. ಮಗಳು ಅದರದೇ ಆಹಾರದ ಒಂದು ಕಾಳನ್ನು ಅಂಗೈಯಿಂದ ಕೊಟ್ಟಳು. ಅಕ್ಕನಿಗೆ ಕರುಳು ಚುರುಕ್ ಎಂದರೂ, ಮಂಡಕ್ಕಿಯಲ್ಲಿದ್ದ ಈರುಳ್ಳಿ ನಾಯಿಗಳ ರಕ್ತಕಣಗಳನ್ನು ಒಡೆಯುವ ವಿಷವೆಂದು ತಿಳಿದಾಗ ಸುಮ್ಮನಾದಳು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷವೇ. ನಾಯಿ ದಾರಿಯಲ್ಲಿ ಏನನ್ನು ಬಾಯಿಗೆ ಹಾಕಿಕೊಂಡಿತೆಂದು ಕಣ್ಣು ಕಾಣುವ ನಾವು ನೋಡಿ ಕಸಿದುಕೊಳ್ಳುತ್ತೇವೆ. ಕಾಣದವರು ಏನು ಮಾಡಬೇಕು? ಆದ್ದರಿಂದ ನೆಲದ ಮೇಲಿನದು ತನ್ನದಲ್ಲ ಎಂಬುದು ಆ ನಾಯಿಗೆ ಸ್ವಭಾವವೇ ಆಗಿಬಿಡಬೇಕು.

ಮೇಲಿನ ಪ್ರಸಂಗದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶ, ಅಲ್ಲಿ ಗದರಿಕೆ ಇರಲಿಲ್ಲ, ಹೊಡೆತ ಇರಲಿಲ್ಲ. ಸರಿಯಾದದ್ದನ್ನು ಮಾಡಿದ ಕ್ಷಣದಲ್ಲೇ ಬಹುಮಾನ ಕೊಟ್ಟು, ತಪ್ಪಿಗೆ ಅವಕಾಶವನ್ನೇ ಕಡಿಮೆ ಮಾಡುವ ರೀತಿಯಲ್ಲೇ ಈಗ ಹೆಚ್ಚಿನ ಸಂಸ್ಥೆಗಳು ಕಲಿಸುತ್ತವೆ. ಹೆದರಿಕೆಯಿಂದ ಕಲಿತ ನಾಯಿ ಹೇಳಿದ್ದನ್ನು ಮಾಡಬಹುದು, ಆದರೆ ತಾನಾಗಿ ಯೋಚಿಸಿ ಬೇಡವೆನ್ನುವ ಧೈರ್ಯ ಅದಕ್ಕೆ ಬರುವುದು ಕಷ್ಟ. ಆ ಧೈರ್ಯವೇ ಮುಂದೆ ಅದರ ಉದ್ಯೋಗದ ತಿರುಳು.

ಮನೆಯ ಶಿಸ್ತಿನಷ್ಟೇ ಮುಖ್ಯವಾದದ್ದು ಲೋಕದ ಪರಿಚಯ. ಈ ಮರಿ ನಮ್ಮ ಊರಿನಲ್ಲಿ ಬೆಳೆಯುತ್ತಿದ್ದರೆ ಏನೇನನ್ನು ಕಾಣಬೇಕಾಗಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅಡುಗೆಮನೆಯ ಕುಕ್ಕರಿನ ಸೀಟಿ, ಕೈತಪ್ಪಿ ಬೀಳುವ ಸ್ಟೀಲ್ ತಟ್ಟೆಯ ಸದ್ದು, ಮಂಡಕ್ಕಿ ಭಟ್ಟಿಗಳ ಹೊಗೆ, ಮಂಡಿಪೇಟೆಯಲ್ಲಿ ಮೂಟೆ ಹೊತ್ತು ನಡೆಯುವ ಹಮಾಲರು, ದೋಸೆ ಹೋಟೆಲಿನ ಬೆಣ್ಣೆಯ ವಾಸನೆ, ಬಸ್ ನಿಲ್ದಾಣದ ಏರ್ ಬ್ರೇಕಿನ ಬುಸುಗುಡುವಿಕೆ, ಬುರ್ಖಾ, ಛತ್ರಿ, ಹೆಲ್ಮೆಟ್ಟು, ಊರುಗೋಲು, ದುರ್ಗಾಂಬಿಕೆಯ ಜಾತ್ರೆಯ ಡೊಳ್ಳು, ದೀಪಾವಳಿಯ ಪಟಾಕಿ. ಇವುಗಳನ್ನೆಲ್ಲ ಒಂದೇ ದಿನ ಮರಿಯ ಮುಂದೆ ಸುರಿಯುವಂತಿಲ್ಲ. ಮೊದಲು ದೂರದಿಂದ, ಹತ್ತು ನಿಮಿಷ, ಮರಿ ಸಮಾಧಾನವಾಗಿ ಕುಳಿತು ನೋಡುವಷ್ಟು ದೂರದಿಂದ. ಮರುದಿನ ನಾಲ್ಕು ಹೆಜ್ಜೆ ಹತ್ತಿರ. ಮರಿ ಬಾಲ ಮುದುರಿ ಹಿಂದೆ ಸರಿದರೆ ಎಳೆದುಕೊಂಡು ಹೋಗದೆ, ನಾವೇ ಅದರೊಡನೆ ಹಿಂದೆ ಸರಿಯಬೇಕು. ಒಂದು ಸಲದ ದೊಡ್ಡ ಭಯ ತಿಂಗಳುಗಳ ಶ್ರಮವನ್ನು ಅಳಿಸಬಲ್ಲದು, ಅದರಲ್ಲೂ ಎಳೆಯ ಮರಿಯಾಗಿರುವಾಗ ಮತ್ತು ಹರೆಯಕ್ಕೆ ಬರುವ ತಿಂಗಳುಗಳಲ್ಲಿ.

ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ, ಯಾವ ತಳಿಯ ನಾಯಿಮರಿ ಸಾಕುವವರಿಗೂ ಇದು ತಿಳಿದಿರಬೇಕು. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ರೋಗಗಳ ಲಸಿಕೆ ಆರು-ಎಂಟು ವಾರಕ್ಕೆ ಆರಂಭವಾಗಿ, ಮೂರು-ನಾಲ್ಕು ವಾರಗಳಿಗೊಮ್ಮೆ ಮರುಕಳಿಸಿ, ಸುಮಾರು ಹದಿನಾರನೆಯ ವಾರಕ್ಕೆ ಮುಗಿಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ಲಸಿಕೆ ಪೂರ್ತಿಯಾಗುವ ತನಕ ಮರಿಯನ್ನು ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳುವುದು ಸರಿಯೇ. ಆದರೆ ಹದಿನಾರು ವಾರ ಮನೆಯೊಳಗೇ ಇಟ್ಟರೆ ಮನಸ್ಸಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಸಾಕುವವರು ಕಂಡುಕೊಂಡಿರುವ ಉಪಾಯ ಸರಳವಾದದ್ದು: ಮರಿಯನ್ನು ಎತ್ತಿಕೊಂಡೇ ಲೋಕ ತೋರಿಸುವುದು. ಬೇರೆ ನಾಯಿಗಳು ಓಡಾಡಿದ ನೆಲಕ್ಕೆ ಕಾಲು ತಾಗಿಸದೆ, ಕಂಕುಳಲ್ಲೋ ಚೀಲದಲ್ಲೋ ಇಟ್ಟುಕೊಂಡು, ಕೂಸನ್ನು ಬೀದಿ ತೋರಿಸಲು ಒಯ್ಯುವಂತೆ ಒಯ್ಯುವುದು. ಮರಿಯ ಕಿವಿ, ಮೂಗು, ಕಣ್ಣುಗಳಿಗೆ ಅಷ್ಟು ಸಾಕು.

ಸುಮಾರು ಹದಿಮೂರರಿಂದ ಹದಿನೆಂಟು ತಿಂಗಳ ವಯಸ್ಸಿನಲ್ಲಿ ನಾಯಿ ಸಂಸ್ಥೆಗೆ ಮರಳುತ್ತದೆ. ಅಲ್ಲಿ ಸೊಂಟದ, ಮೊಣಕೈಯ ಎಕ್ಸ್-ರೇ, ಕಣ್ಣಿನ ಪರೀಕ್ಷೆ ನಡೆದ ಮೇಲೆ ನಾಲ್ಕಾರು ತಿಂಗಳ ವೃತ್ತಿ ತರಬೇತಿ. ಈ ಹಂತದಲ್ಲಿ ನಾಯಿ ಏನು ಕಲಿಯುತ್ತದೆ ಎಂಬ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ನಾಯಿ ಸಿಗ್ನಲ್ ದೀಪ ನೋಡಿ ರಸ್ತೆ ದಾಟಿಸುವುದಿಲ್ಲ. ಕೆಂಪು-ಹಸಿರು ಬಣ್ಣಗಳನ್ನು ನಾಯಿಗಳು ನಮ್ಮಂತೆ ಬೇರ್ಪಡಿಸಿ ಕಾಣುವುದೂ ಇಲ್ಲ. ಯಾವ ಕಡೆ ಹೋಗಬೇಕು, ಎಲ್ಲಿ ತಿರುಗಬೇಕು, ವಾಹನಗಳ ಸದ್ದು ಕೇಳಿ ಯಾವಾಗ ದಾಟಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಅಂಧ ವ್ಯಕ್ತಿಯೇ. ನಾಯಿಯ ಕೆಲಸ ನೇರವಾಗಿ ನಡೆಸುವುದು, ಅಡ್ಡ ಬಂದದ್ದನ್ನು ಬಳಸಿ ಹೋಗುವುದು, ಮೆಟ್ಟಿಲು ಬಂದಾಗ, ಫುಟ್‌ಪಾತಿನ ಅಂಚು ಬಂದಾಗ ನಿಂತು ತಿಳಿಸುವುದು. ಬಿಳಿ ಕೋಲು ನೆಲದ ಮೇಲಿನ ಅಡಚಣೆಯನ್ನು ತಟ್ಟಿ ಹೇಳುತ್ತದೆ, ಆದರೆ ಅಂಗಡಿಯ ಮುಂದೆ ತಲೆಯೆತ್ತರಕ್ಕೆ ಚಾಚಿಕೊಂಡ ತಗಡಿನ ಅಂಚು ಕೋಲಿಗೆ ಸಿಗುವುದಿಲ್ಲ. ತಾನು ಸಲೀಸಾಗಿ ನುಸುಳಬಲ್ಲ ಜಾಗದಲ್ಲೂ ತನ್ನ ಪಕ್ಕದ ಮನುಷ್ಯನ ಎತ್ತರ, ಬಲಭುಜದ ಅಗಲವನ್ನು ಲೆಕ್ಕ ಹಾಕಿ ಬೇರೆ ದಾರಿ ಹಿಡಿಯುವುದನ್ನು ನಾಯಿ ಕಲಿಯುತ್ತದೆ. ಇನ್ನು, ಯಜಮಾನರು "ಮುಂದೆ" ಎಂದರೂ ಸದ್ದಿಲ್ಲದ ವಾಹನ ಬರುತ್ತಿದ್ದರೆ, ಮುಂದೆ ತೆರೆದ ಗುಂಡಿ ಇದ್ದರೆ, ನಾಯಿ ಆಜ್ಞೆಯನ್ನು ಮೀರಿ ನಿಂತುಬಿಡುತ್ತದೆ. ತರಬೇತುದಾರರು ಇದನ್ನು ವಿವೇಕದ ಅವಿಧೇಯತೆ ಎನ್ನುತ್ತಾರೆ. ಹೆದರಿಕೆಯಿಂದ ಕಲಿತ ನಾಯಿಗೆ ಆ ಧೈರ್ಯ ಬರುವುದು ಕಷ್ಟವೆಂದು ನಾನು ಮೇಲೆ ಹೇಳಿದ್ದು ಇದಕ್ಕಾಗಿ.

ಎಲ್ಲ ಮರಿಗಳೂ ಈ ಹಂತವನ್ನು ದಾಟುವುದಿಲ್ಲ. ಆರೋಗ್ಯ, ಅತಿಯಾದ ಅಂಜಿಕೆ, ಅಳಿಲನ್ನು ಕಂಡರೆ ತಡೆಯಲಾಗದ ಉತ್ಸಾಹ, ಹೀಗೆ ಕಾರಣಗಳು ಹಲವು. 2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸೀಯಿಂಗ್ ಐ ಸಂಸ್ಥೆಯ 98 ಮರಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ ಪ್ರಕಟಿಸಿದ ಅಧ್ಯಯನ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮೊದಲ ವಾರಗಳಲ್ಲಿ ಸದಾ ನೆಕ್ಕುತ್ತಾ, ಬಳಿಯಲ್ಲೇ ಇರುತ್ತಾ, ಅತಿಯಾಗಿ ಆರೈಕೆ ಮಾಡಿದ ತಾಯಿನಾಯಿಗಳ ಮರಿಗಳು ಮುಂದೆ ಹೆಚ್ಚಾಗಿ ತೇರ್ಗಡೆಯಾಗಲಿಲ್ಲ. ಮಲಗಿ ಹಾಲೂಡುವ ತಾಯಿಗಿಂತ, ನಿಂತೋ ಕುಳಿತೋ ಹಾಲೂಡುವ ತಾಯಿಯ ಮರಿಗಳು ಮೇಲಾದವು, ಏಕೆಂದರೆ ಅವು ಹಾಲಿಗಾಗಿ ಎದ್ದು, ಕತ್ತು ಚಾಚಿ, ಬಿದ್ದು, ಮತ್ತೆ ಏಳಬೇಕಾಗಿತ್ತು. ಸಣ್ಣ ಅಡಚಣೆಗಳನ್ನು ತಾವೇ ಗೆಲ್ಲುವ ಅಭ್ಯಾಸ ಅಲ್ಲಿಂದಲೇ ಆರಂಭವಾಗಿರಬಹುದು. ತೇರ್ಗಡೆಯಾಗದ ನಾಯಿಗಳು ವ್ಯರ್ಥವಾಗುವುದಿಲ್ಲ. ಕೆಲವು ವಾಸನೆ ಹಿಡಿಯುವ ಕೆಲಸಕ್ಕೆ, ಕೆಲವು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸಾಂತ್ವನ ನೀಡುವ ಕೆಲಸಕ್ಕೆ ಹೋಗುತ್ತವೆ. ಉಳಿದವನ್ನು ಮನೆನಾಯಿಯಾಗಿ ಪಡೆಯುವ ಮೊದಲ ಅವಕಾಶ ಹಲವೆಡೆ ಸಾಕಿದವರಿಗೇ ಇರುತ್ತದೆ. ತೇರ್ಗಡೆಯಾದ ನಾಯಿಯನ್ನು ನಡಿಗೆಯ ವೇಗ, ಎತ್ತರ, ಮನೆಯ ಸ್ವರೂಪ ನೋಡಿ ಒಬ್ಬ ವ್ಯಕ್ತಿಯೊಂದಿಗೆ ಜೋಡಿಸಿ, ಇಬ್ಬರಿಗೂ ಒಟ್ಟಿಗೆ ಕೆಲವು ವಾರಗಳ ತರಬೇತಿ ಕೊಡುತ್ತಾರೆ. ಎಂಟು-ಹತ್ತು ವರ್ಷ ವಯಸ್ಸಾಗುವವರೆಗೆ ನಾಯಿ ದುಡಿದು ನಿವೃತ್ತಿಯಾಗುತ್ತದೆ.

ನಮ್ಮ ಊರಿನಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ನಾನು ಪ್ರಾಮಾಣಿಕವಾಗಿ ಹೇಳಬೇಕಾದ ಮಾತು: ತರಬೇತಿ ಶಾಲೆ, ತಳಿ, ಮೇಲ್ವಿಚಾರಕರು ಇಲ್ಲದೆ ಒಬ್ಬರೇ ಮರಿ ಸಾಕಿ ಮಾರ್ಗದರ್ಶಿ ನಾಯಿ ಮಾಡಲು ಹೊರಟರೆ ಅದು ಅಂಧರ ಜೀವವನ್ನು ಅಪಾಯಕ್ಕೆ ಒಡ್ಡಿದಂತೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿ ಸಂಬಂಧಿ ಅಂಗವೈಕಲ್ಯ ಇರುವವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು, ಅವರಲ್ಲಿ ನಾಯಿಯೊಂದಿಗೆ ನಡೆಯುವವರು ತೀರಾ ವಿರಳ. ಕಾರಣಗಳು ನಮ್ಮ ಕಣ್ಣ ಮುಂದೆಯೇ ಇವೆ. ಬೀದಿನಾಯಿಗಳ ಹಿಂಡು ಮೈಮೇಲೆ ಬಂದರೆ ಎಂಥ ಶಾಂತ ಲ್ಯಾಬ್ರಡಾರ್ ಆದರೂ ದಾರಿಯ ಮೇಲಿನ ಗಮನ ಕಳೆದುಕೊಳ್ಳುತ್ತದೆ. ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದನ್ನು ಕಲಿಸಬೇಕಾದರೆ ಮೊದಲು ಫುಟ್‌ಪಾತು ಇರಬೇಕು, ಅದರ ಮೇಲೆ ಬೈಕು ನಿಂತಿರಬಾರದು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನಮ್ಮ ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಭಾಗವನ್ನು ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ಸುಡುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಮುಖ್ಯವಾಗಿ ತೇಕುತ್ತಲೇ ಮೈಯ ಕಾವು ಕಳೆಯಬೇಕು. ನಮ್ಮದೇ ಮುಧೋಳ ನಾಯಿ ಆಗದೇ ಎಂದು ಕೆಲವರು ಅಭಿಮಾನದಿಂದ ಕೇಳುತ್ತಾರೆ. ನನಗೂ ಆ ಅಭಿಮಾನವಿದೆ, ಆದರೆ ಓಡುವುದನ್ನು ಕಂಡರೆ ಬೆನ್ನಟ್ಟಲೆಂದೇ ತಲೆತಲಾಂತರದಿಂದ ಬೆಳೆದುಬಂದ ಬೇಟೆಯ ತಳಿಗೆ ಈ ಕೆಲಸ ಒಪ್ಪುವುದಿಲ್ಲ.

ಸಾಕುವವರಿಗೆ ಬೇಸರವಾಗುವುದಿಲ್ಲವೇ ಎಂಬುದು ಉಳಿದಿರುವ ಪ್ರಶ್ನೆ. ಆಗುತ್ತದೆ, ಬಹಳ ಆಗುತ್ತದೆ. ಮರಿಯನ್ನು ಒಪ್ಪಿಸಿ ಬಂದ ದಿನ ಮಗಳು ಖಾಲಿ ನೀರಿನ ಬಟ್ಟಲನ್ನು ತೊಳೆದು ಒರೆಸಿ ಮತ್ತೆ ಅದೇ ಮೂಲೆಯಲ್ಲಿ ಇಟ್ಟಳಂತೆ. ಸೀಯಿಂಗ್ ಐ ಸಂಸ್ಥೆಯಲ್ಲಿ ತರಬೇತಿ ಮುಗಿಯುವ ಹೊತ್ತಿಗೆ, ಸಾಕಿದವರನ್ನು ಮಾರಿಸ್‌ಟೌನ್ ಪಟ್ಟಣಕ್ಕೆ ಕರೆಸಿ, ತಮ್ಮ ನಾಯಿ ತರಬೇತುದಾರರೊಂದಿಗೆ ಬೀದಿಯಲ್ಲಿ ಕೆಲಸ ಮಾಡುವುದನ್ನು ದೂರದಿಂದ ನೋಡಲು ಬಿಡುತ್ತಾರೆ. ಕರೆಯುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ಅಕ್ಕ ಎರಡನೆಯ ಸಲ ಹೋಗಿದ್ದಾಗ ಆ ದಿನ ಬಂತು. ರಸ್ತೆಯ ಈಚೆ ಬದಿಯಲ್ಲಿ ತಾಯಿ-ಮಗಳು ಒಂದು ಅಂಗಡಿಯ ಮರೆಯಲ್ಲಿ ನಿಂತಿದ್ದರು. ಆಚೆ ಬದಿಯಲ್ಲಿ ಹಾರ್ನೆಸ್ ಎಂಬ ಹಿಡಿಕೆಯ ಮೈಪಟ್ಟಿ ತೊಟ್ಟ ನಾಯಿ, ತರಬೇತುದಾರರ ಎಡಗಡೆ ಅರ್ಧ ಹೆಜ್ಜೆ ಮುಂದಾಗಿ, ತಲೆಯೆತ್ತಿ ಬಂತು. ಫುಟ್‌ಪಾತಿನ ಅಂಚಿಗೆ ಬಂದು ನಿಂತಿತು. ಗಾಳಿ ಈ ಕಡೆಯಿಂದ ಬೀಸುತ್ತಿತ್ತೋ ಏನೋ, ಒಂದು ಕ್ಷಣ ಅದರ ಮೂಗು ಇವರತ್ತ ತಿರುಗಿತು. ತರಬೇತುದಾರರು "ಫಾರ್ವರ್ಡ್" ಎಂದರು. ನಾಯಿ ಮುಂದೆ ನೋಡಿ ರಸ್ತೆ ದಾಟಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳಂತೆ. "ಮರೀ ಅಂತ ಎಲ್ಲಿ ಕೂಗಿಬಿಡ್ತೀನೋ ಅಂತ ಭಯ ಆಗಿತ್ತು ಕಣೋ" ಎಂದಳು.